ಲಾಂಡ್ರಿ ಮುಚ್ಚಿಸಿ ಸಂವಾದ ಕಲಿಸಲು ಬಂದವರಿಗೆ

ನಗರ ಪುನರುಜ್ಜೀವನ ವಿಭಾಗದ ಮುಖ್ಯಾಧಿಕಾರಿಗಳೇ,

ಮಾನ್ಯರೇ, ನಮ್ಮ ಬೀದಿಯ ತಿರುವಿನಲ್ಲಿ ನೀವು ನೆಟ್ಟ ಫಲಕವನ್ನು ಓದಿದ ಮೇಲೆಯೇ ನಾವೆಲ್ಲ ಸತ್ತುಹೋಗಿದ್ದೇವೆಂಬ ಸಂಗತಿ ನಮಗೆ ತಿಳಿದದ್ದು. ‘ವಲಸಿಗರ ಬಡಾವಣೆಯ ಪುನರುಜ್ಜೀವನ’ ಎಂದು ಅದರಲ್ಲಿ ಬರೆದಿದೆ. ಬದುಕಿದ್ದವರಿಗೆ ಯಾರೂ ಮತ್ತೆ ಜೀವ ತುಂಬಲು ಬರುವುದಿಲ್ಲವಲ್ಲ. ಇರಲಿ, ಸತ್ತವರ ಪರವಾಗಿ ನನ್ನ ದೂರು ಇಷ್ಟೇ: ಹತ್ತಾರು ದೇಶಗಳಿಂದ ಬಂದ ನಾವು ಒಬ್ಬರ ಜೊತೆ ಒಬ್ಬರು ಮಾತಾಡುತ್ತಿದ್ದ ಒಂದೇ ಒಂದು ಜಾಗವನ್ನು ನೀವು ಮುಚ್ಚಿಸಿದಿರಿ. ಆಮೇಲೆ ಅದೇ ಜಾಗದಲ್ಲಿ, ನಾವು ಒಬ್ಬರ ಜೊತೆ ಒಬ್ಬರು ಮಾತಾಡಲಿ ಎಂದು, ‘ಬಹುಸಂಸ್ಕೃತಿ ಸಂವಾದ ಕೇಂದ್ರ’ ಕಟ್ಟಿಸಿದಿರಿ.

ಆ ಜಾಗ ಒಂದು ಲಾಂಡ್ರಿಯಾಗಿತ್ತು. ನಾಣ್ಯ ಹಾಕಿದರೆ ಬಟ್ಟೆ ಒಗೆಯುವ ಮೆಷಿನ್‌ಗಳ ಸಾಲು, ಎದುರಿಗೆ ಉದ್ದನೆಯ ಮರದ ಬೆಂಚು, ಬೆಂಚಿನ ತುದಿಯಲ್ಲಿ ನನ್ನ ಹೊಲಿಗೆ ಮೆಷಿನ್. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಕೆಟ್ಟ ಜಿಪ್ ಬದಲಿಸುವುದು ನನ್ನ ಕಸುಬು. ನಮ್ಮ ಬೀದಿಯ ಮನೆಗಳಲ್ಲಿ ಒಗೆಯುವ ಮೆಷಿನ್ ಇಟ್ಟರೆ ಮನುಷ್ಯರು ಹೊರಗೆ ನಿಲ್ಲಬೇಕಾಗುತ್ತದೆ. ಹಾಗಾಗಿ ಎಲ್ಲರೂ ಕೊಳೆ ಬಟ್ಟೆಯ ಗಂಟು ಹೊತ್ತು ಅಲ್ಲಿಗೇ ಬರುತ್ತಿದ್ದರು. ಬಟ್ಟೆ ತಿರುಗುವಷ್ಟು ಹೊತ್ತು ಕೂರಲೇಬೇಕು. ಕೂತವರು ಎಷ್ಟು ಹೊತ್ತು ಗೋಡೆ ನೋಡಿಯಾರು? ಮಾತು ಹುಟ್ಟುತ್ತಿತ್ತು. ಸಂವಾದ ಎಂದರೆ ಅದೇ ಎಂದು ನಮಗೆ ಗೊತ್ತಿರಲಿಲ್ಲ, ಕ್ಷಮಿಸಿ; ನಾವು ಅದನ್ನು ಹರಟೆ ಎಂದು ಕರೆಯುತ್ತಿದ್ದೆವು.

ನನ್ನ ಅತ್ತೆಯವರು ಮಗನ ಮನೆಗೆಂದು ಬಂದಾಗ ಅವರಿಗೆ ಈ ದೇಶದ ಭಾಷೆಯ ಒಂದಕ್ಷರವೂ ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ. ನನ್ನ ಗಂಡ ಬಸ್ಸು ಓಡಿಸಲು ಹೋದರೆ, ನಾನು ಹೊಲಿಗೆಗೆ ಹೋದರೆ, ಅವರಿಗೆ ಕಿಟಕಿಯೇ ಗತಿ. ಇದಾಗದು ಎಂದು ಅವರನ್ನೂ ಲಾಂಡ್ರಿಗೆ ಕರೆದೊಯ್ದೆ. ಬೆಂಚಿನ ಮೇಲೆ ಅವರದೇ ವಯಸ್ಸಿನ ಒಬ್ಬ ಹೆಂಗಸು ಕೂತಿದ್ದರು. ತಲೆಗೆ ಸದಾ ಹಸಿರು ಬಟ್ಟೆ ಕಟ್ಟಿಕೊಳ್ಳುತ್ತಿದ್ದ ಆಕೆಯ ಮಾತು ಅತ್ತೆಗೆ ತಿಳಿಯದು, ಅತ್ತೆಯ ಮಾತು ಆಕೆಗೆ ತಿಳಿಯದು. ಅತ್ತೆ ಆಕೆಗೆ ಹಸಿರಮ್ಮ ಎಂದು ಹೆಸರಿಟ್ಟರು. ವಾರ ಕಳೆಯುವುದರೊಳಗೆ ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಜಗಳವಾಡುತ್ತಿದ್ದರು.

“ಏನಂತಾರೆ ಅತ್ತೆ ಅವರು?” ಎಂದು ಒಮ್ಮೆ ಕೇಳಿದೆ.

“ಸೋಪಿನ ಪುಡಿ ಜಾಸ್ತಿ ಸುರೀತೀನಂತೆ. ಅವಳ ಸೊಸೇನೂ ಹೀಗೇ ಅಂತೆ, ದುಂದುಗಾತಿ.”

“ಅದೆಲ್ಲ ನಿಮಗೆ ಹೇಗೆ ಅರ್ಥ ಆಯ್ತು?”

“ಸೊಸೆ ಬಗ್ಗೆ ಮಾತಾಡೋವಾಗ ಮುಖ ನೋಡಿದ್ರೆ ಸಾಕು, ಭಾಷೆ ಯಾಕೆ?” ಎಂದರು, ನನ್ನ ಮುಖವನ್ನೇ ನೋಡುತ್ತಾ.

ಹಸಿರಮ್ಮನ ಮಗ, ಸೊಸೆ ಬೇರೆ ಊರಲ್ಲಿದ್ದರು. ಆಕೆ ಒಂಟಿ. ಬುಧವಾರ ತಪ್ಪದೆ ಬರುತ್ತಿದ್ದ ಆಕೆ ಒಂದು ಬುಧವಾರ ಬರಲಿಲ್ಲ. ಅತ್ತೆಗೆ ಕೂತಲ್ಲಿ ಕೂರಲಾಗಲಿಲ್ಲ. ಬಾಗಿಲು ನೋಡಿದರು, ಬೀದಿ ನೋಡಿದರು. ಕೊನೆಗೆ, “ಏಳೇ, ಅವಳ ಮನೆ ತೋರ್ಸು” ಎಂದು ನನ್ನನ್ನು ಹೊಲಿಗೆಯ ನಡುವೆಯೇ ಎಬ್ಬಿಸಿದರು. ಪಕ್ಕದ ಕ್ಷೌರಿಕನಿಗೆ ಆಕೆಯ ಮನೆ ಗೊತ್ತಿತ್ತು. ಮುಖಕ್ಕೆ ನೊರೆ ಹಚ್ಚಿಸಿಕೊಂಡಿದ್ದ ಗಿರಾಕಿಯನ್ನು ಹಾಗೇ ಕೂರಿಸಿ ಅವನೂ ನಮ್ಮೊಂದಿಗೆ ಓಡಿಬಂದ. ಬಾಗಿಲು ಒಡೆದಾಗ ಹಸಿರಮ್ಮ ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು, ಸೊಂಟ ಮುರಿದಿತ್ತು, ಪ್ರಜ್ಞೆ ಇತ್ತು. ಆಸ್ಪತ್ರೆಯಿಂದ ಮರಳಿದ ಮೇಲೆ ಕೋಲೂರಿಕೊಂಡು ಮತ್ತೆ ಅದೇ ಬೆಂಚಿಗೆ ಬಂದು, ಅತ್ತೆಯ ಕೈ ಹಿಡಿದುಕೊಂಡು ಬಹಳ ಹೊತ್ತು ಏನೋ ಹೇಳಿದರು. ಅದನ್ನು ಅತ್ತೆ ನನಗೆ ಅನುವಾದಿಸಲಿಲ್ಲ.

ಆಮೇಲೆ ನೀವು ಬಂದಿರಿ. ಸಮಾಲೋಚನಾ ಸಭೆಯಲ್ಲಿ ನಮಗೆಲ್ಲ ಬಣ್ಣದ ಚೀಟಿ ಹಂಚಿ, ಕನಸುಗಳನ್ನು ಬರೆದು ಗೋಡೆಗೆ ಅಂಟಿಸಿ ಎಂದಿರಿ. ಕ್ಷೌರಿಕ ‘ಚರಂಡಿ’ ಎಂದು ಬರೆದ. ನಾನು ‘ಬೀದಿದೀಪ’ ಎಂದು ಬರೆದೆ. ಅತ್ತೆಯವರು ಹೇಳಿ ಬರೆಸಿದ್ದು: ‘ಒಂದು ಮೆಷಿನ್ ಕೆಟ್ಟಿದೆ, ರಿಪೇರಿ ಮಾಡಿಸಿ.’ ನಿಮ್ಮ ವರದಿ ಹೊರಬಂದಾಗ ಅದರ ತಾತ್ಪರ್ಯ, ‘ನಿವಾಸಿಗಳಲ್ಲಿ ಸಂವಾದದ ತೀವ್ರ ಹಂಬಲ ಕಂಡುಬಂದಿದೆ’ ಎಂದಾಗಿತ್ತು. ಅಜ್ಜಿಗೆ ಅರಿವೆ ಚಿಂತೆ ಎಂದು ನಮ್ಮಲ್ಲಿ ಗಾದೆ. ಅಜ್ಜಿಯ ಅರಿವೆ ಕಿತ್ತುಕೊಂಡು ಅವಳಿಗೆ ಭಾಷಣ ಹೊದಿಸಬಹುದು ಎಂಬುದು ಮಾತ್ರ ನಿಮ್ಮ ಕೊಡುಗೆ. ಲಾಂಡ್ರಿ ಬೀದಿಯ ‘ದೃಶ್ಯ ಸೌಂದರ್ಯಕ್ಕೆ ಪೂರಕವಲ್ಲ’ ಎಂದು ತೀರ್ಮಾನಿಸಿದಿರಿ. ನಿಜ, ಕೊಳೆ ಬಟ್ಟೆ ನೋಡಲು ಚೆಂದವಲ್ಲ. ತಮ್ಮ ಬಟ್ಟೆ ಕೊಳೆಯಾಗುವುದಿಲ್ಲವೇ ಸ್ವಾಮಿ?

ಉದ್ಘಾಟನೆಯ ದಿನ ಅತ್ತೆಯವರನ್ನು ಮುಂದಿನ ಸಾಲಿನಲ್ಲೇ ಕೂರಿಸಿದಿರಿ, ಆ ಗೌರವಕ್ಕೆ ಋಣಿ. ತಮ್ಮ ಕಚೇರಿಯ ಹೆಣ್ಣುಮಗಳು ಮೈಕ್ ಹಿಡಿದು ಬಂದು, ಈ ಕೇಂದ್ರ ನೋಡಿ ಹೇಗನಿಸುತ್ತಿದೆ ಎಂದು ಕೇಳಿದಳು. ತಾವು ಕರೆಸಿದ್ದ ದುಭಾಷಿಗೆ ಬೇರೆ ಯಾವುದೋ ಭಾಷೆ ಬರುತ್ತಿತ್ತು, ನಮ್ಮದಲ್ಲ. ಅವನು ಅದರಲ್ಲೇ ಏನೋ ಕೇಳಿದ. ಅತ್ತೆ ಸುತ್ತಲೂ ನೋಡಿ, “ಮೆಷಿನೆಲ್ಲ ಎಲ್ಲಿಗೆ ಹೊತ್ಕೊಂಡು ಹೋದ್ರಪ್ಪಾ?” ಎಂದರು. “ಈ ತಾಯಿಗೆ ಸಂತೋಷದಿಂದ ಮಾತೇ ಹೊರಡುತ್ತಿಲ್ಲ” ಎಂದು ಅವನು ಅನುವಾದಿಸಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ತಾವೂ ತಟ್ಟಿದಿರಿ, ನಾನು ನೋಡಿದ್ದೇನೆ.

ಈಗ ಆ ಕೇಂದ್ರದಲ್ಲಿ ಸಂವಾದ ಮಾಡಬೇಕಾದರೆ ಮೊದಲೇ ಅರ್ಜಿ ಹಾಕಬೇಕು. ಶನಿವಾರ, ಭಾನುವಾರ, ಅಂದರೆ ದುಡಿಯುವವರಿಗೆ ಬಿಡುವಿರುವ ದಿನಗಳಲ್ಲಿ, ಬೀಗ. ಒಳಗೆ ‘ದಯವಿಟ್ಟು ಮೆಲ್ಲಗೆ ಮಾತಾಡಿ’ ಎಂಬ ಫಲಕ ಬೇರೆ. ನಾನು ಹೊಲಿಗೆ ಮೆಷಿನ್ನನ್ನು ಅಡುಗೆಮನೆಗೆ ತಂದುಕೊಂಡೆ. ಇನ್ನೊಂದು ಲಾಂಡ್ರಿಗೆ ಎರಡು ಬಸ್ಸು ಬದಲಿಸಿ ಹೋಗಬೇಕು. ಬಿಡುವಾದಾಗ ಒಬ್ಬೊಬ್ಬರೇ ಹೋಗಿ ಬರುತ್ತೇವೆ.

ಹಸಿರಮ್ಮ ಕೋಲೂರಿಕೊಂಡು ಎರಡು ಬಸ್ಸು ಹತ್ತುವುದುಂಟೇ ಎಂದು ನಾವ್ಯಾರೂ ಯೋಚಿಸಲಿಲ್ಲ. ಆಕೆ ಆ ಲಾಂಡ್ರಿಗೆ ಹೋಗುತ್ತಿರಬೇಕು ಎಂದು ನಾನಂದುಕೊಂಡೆ, ಅತ್ತೆ ಕೇಳಿದಾಗಲೂ ಹಾಗೇ ಹೇಳಿದೆ; ನಮ್ಮ ಮನೆಗೆ ಬರುತ್ತಿರಬೇಕು ಎಂದು ಕ್ಷೌರಿಕ ಅಂದುಕೊಂಡ. ಆಕೆ ಮನೆಯಲ್ಲೇ ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ಬಟ್ಟೆ ಒಗೆದುಕೊಳ್ಳುತ್ತಿದ್ದರು. ಹಾಗೆ ಒಗೆಯುವಾಗ ಒದ್ದೆ ನೆಲದಲ್ಲಿ ಜಾರಿ ಬಿದ್ದರು. ಈ ಸಲ ಆಕೆ ಬರಲಿಲ್ಲ ಎಂದು ಗಮನಿಸಲು ಬೆಂಚೇ ಇರಲಿಲ್ಲ. ಚಾವಣಿಯಿಂದ ನೀರು ಸೋರುತ್ತಿದೆ ಎಂದು ಜಗಳಕ್ಕೆ ಹೋದ ಕೆಳಮನೆಯವನು ಆಕೆಯನ್ನು ಕಂಡದ್ದು ಮಾರನೆಯ ದಿನ. ನಲ್ಲಿ ತೆರೆದೇ ಇದ್ದದ್ದರಿಂದ ಜೀವ ಉಳಿಯಿತು. ತಮ್ಮ ಯಶಸ್ಸಿನ ವರದಿಯಲ್ಲಿ ಆ ನಲ್ಲಿಗೂ ಒಂದು ಕೃತಜ್ಞತೆ ಸಲ್ಲಿಸಿ.

ಈಗ ಆಕೆ ಊರಾಚೆಯ ವೃದ್ಧರ ಆರೈಕೆ ಮನೆಯಲ್ಲಿದ್ದಾರೆ, ಎದ್ದು ನಡೆಯಲಾರರು. ಹೋದ ತಿಂಗಳು ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ. ಬಾಗಿಲಲ್ಲಿ ನರ್ಸ್ ತಡೆದಳು.

“ಸಂಬಂಧಿಕರಿಗೆ ಮಾತ್ರ. ನೀವು ಅವರಿಗೇನಾಗಬೇಕು?”

“ಇವರು ಅವರ ತಂಗಿ” ಎಂದೆ.

ನರ್ಸ್ ಅತ್ತೆಯ ಮುಖ ನೋಡಿದಳು. ಮೂಗಿನಿಂದ ಮೈಬಣ್ಣದವರೆಗೆ ಯಾವುದೂ ಹೊಂದುವಂತಿರಲಿಲ್ಲ. ಆದರೂ ಏನನ್ನಿಸಿತೋ, ಒಳಗೆ ಬಿಟ್ಟಳು. ಹಸಿರಮ್ಮ ಅತ್ತೆಯನ್ನು ಕಂಡವರೇ ಬೈಯಲು ಶುರುಮಾಡಿದರು, ಇಷ್ಟು ದಿನ ಎಲ್ಲಿ ಸತ್ತಿದ್ದೆ ಎಂದೇ ಇರಬೇಕು. ಅತ್ತೆಯವರು ಮಂಚದ ಅಂಚಿಗೆ ಕೂತು ಆಕೆಯ ತಲೆಬಟ್ಟೆಯನ್ನು ಬಿಚ್ಚಿ, ಸರಿಯಾಗಿ ಕಟ್ಟಿದರು. ಮರಳುವಾಗ ಬಸ್ಸಿನಲ್ಲಿ ಒಂದೇ ಮಾತು: “ಅಲ್ಲಿ ಅವಳ ಬಟ್ಟೆ ಸರಿಯಾಗಿ ಒಗೆಯೋದಿಲ್ಲ ಕಣೇ. ಸೋಪಿನ ವಾಸನೆ ಹಾಗೇ ಇದೆ.”

ಮಾನ್ಯರೇ, ನಮಗೆ ಗೋಷ್ಠಿ ಬೇಡ, ಗೋಡೆಚಿತ್ರ ಬೇಡ, ವೈವಿಧ್ಯದ ಸಪ್ತಾಹವಂತೂ ಬೇಡವೇ ಬೇಡ. ತಮ್ಮ ಕೇಂದ್ರದ ನೆಲದಡಿಯಲ್ಲಿ ನೀರಿನ ಕೊಳವೆಗಳು ಹಾಗೇ ಇವೆ, ಯಾರೂ ಕಿತ್ತಿಲ್ಲ. ಅರ್ಧ ಕೇಂದ್ರವನ್ನಾದರೂ ಬಿಟ್ಟುಕೊಟ್ಟು ಮೆಷಿನ್‌ಗಳನ್ನು ತಂದಿಡಿ, ಎದುರಿಗೊಂದು ಬೆಂಚು ಹಾಕಿಸಿ. ಮಿಕ್ಕರ್ಧದಲ್ಲಿ ತಾವು ಸಂವಾದ ನಡೆಸಿಕೊಳ್ಳಿ, ನಮ್ಮ ಅಡ್ಡಿಯಿಲ್ಲ. ಮೆಷಿನ್‌ಗಳ ಸದ್ದಿಗೆ ಸ್ವಲ್ಪ ಜೋರಾಗಿ ಮಾತಾಡಬೇಕಾದೀತು. ಅದಾಗದಿದ್ದರೆ ಒಂದು ಪ್ರಶ್ನೆಗೆ ಮಾತ್ರ ಲಿಖಿತ ಉತ್ತರ ಕೊಡಿ. ನನ್ನ ಅತ್ತೆಯವರಿಗೂ ವಯಸ್ಸಾಯಿತು, ನಾನು ಎರಡು ಬಸ್ಸು ಹತ್ತಿ ಬಟ್ಟೆ ಒಗೆಯಲು ಹೋದ ದಿನ ಮನೆಯಲ್ಲಿ ಒಬ್ಬರೇ ಇರುತ್ತಾರೆ. ನಾಳೆ ಅವರು ಬಿದ್ದರೆ, ಇವತ್ತು ಯಾಕೆ ಬರಲಿಲ್ಲ ಎಂದು ಎದ್ದು ಬಂದು ಬಾಗಿಲು ತಟ್ಟುವವರು ತಮ್ಮ ಇಲಾಖೆಯಲ್ಲಿ ಯಾರು?

ಇಂತಿ,
ತಮ್ಮ ಕೃಪೆಯಿಂದ ಅಡುಗೆಮನೆಗೆ ಬಡ್ತಿ ಪಡೆದ
ಒಬ್ಬ ದರ್ಜಿ, ದುಂದುಗಾತಿ ಸೊಸೆ