‘ಆ್ಯಕ್ಷನ್’ ಅನ್ನುವ ಮುಂಚಿನ ಮುಖ

ಮಾರ್ಚ್ ೧೧, ಮಂಗಳವಾರ

‘ಆ್ಯಕ್ಷನ್’ ಅನ್ನುವ ಮುಂಚೆಯೂ ಕ್ಯಾಮೆರಾ ಓಡುತ್ತಿರುತ್ತದೆ. ಆಗ ಸೆರೆಯಾದ ಚೂರುಗಳನ್ನು ಎಡಿಟಿಂಗ್‌ನಲ್ಲಿ ನಾನು ಎಸೆಯುವವನಲ್ಲ. ಸಾವಿನ ಸುದ್ದಿ ಕೇಳುವ ದೃಶ್ಯದಲ್ಲಿ ನಾಯಕಿಯ ಅಳು ಯಾವ ಟೇಕ್‌ನಲ್ಲೂ ಒಗ್ಗದ್ದರಿಂದ, ಅಂಥದೊಂದು ಚೂರನ್ನೇ ಜೋಡಿಸಿದ್ದೆ. ಅವಳು ಸುಮ್ಮನೆ ಗೋಡೆ ನೋಡುತ್ತಾಳೆ, ಅಷ್ಟೇ. ನಿರ್ದೇಶಕರು ಕಣ್ಣೊರೆಸಿಕೊಂಡು, “ಎಂಥಾ ನಟನೆ ರೀ!” ಅಂದಿದ್ದರು.

ಇವತ್ತು ಡಬ್ಬಿಂಗ್‌ಗೆ ಬಂದ ನಾಯಕಿ ಅದನ್ನು ನೋಡಿ ಎದ್ದು ನಿಂತಳು.

“ಸಾರ್, ಅದು ನಟನೆ ಅಲ್ಲ. ಅಪ್ಪ ಉಳಿಯಲ್ಲ ಅಂತ ಆಗಷ್ಟೇ ಅಣ್ಣ ಫೋನ್ ಮಾಡಿದ್ದ. ತೆಗೆದುಬಿಡಿ. ಕಾರಣ ಯಾರಿಗೂ ಹೇಳ್ಬೇಡಿ.”

ತೆಗೆದೆ. ಅಳುವ ಟೇಕನ್ನೇ ಹಾಕಿದೆ.

ಸಂಜೆ ನಿರ್ದೇಶಕರು ಕೆಂಡವಾದರು. “ಏನ್ರೀ ಇದು? ಸೀನ್‌ಗೆ ಜೀವಾನೇ ಇಲ್ವಲ್ಲ!”

“ನನಗೆ ಹೀಗೇ ಸರಿ ಅನ್ನಿಸ್ತು” ಅಂದೆ. ಬೈಸಿಕೊಂಡೆ.

ಅವರು ಹೋದ ಮೇಲೆ ಆ ಚೂರನ್ನು ಅಳಿಸಲು ಕೂತೆ. ಅಳಿಸುವ ಮುಂಚೆ ಒಮ್ಮೆ ನೋಡಿದೆ. ಇನ್ನೊಮ್ಮೆ ನೋಡಿದೆ. ಹಾಳಾದ್ದು, ಎಂಥಾ ಶಾಟ್ ಅದು!