ಏಳು ನಿಮಿಷ

ಜುಲೈ ೮, ಬೆಳಿಗ್ಗೆ ೬.೧೦
ಮಾಂಬಳ್ಳಿ ಗದ್ದೆಯಿಂದ ಕಪ್ಪೆಮೊಟ್ಟೆ ಬಂತು. ಕಾಲೇಜು ಲ್ಯಾಬ್ ತೆರೆಯುವುದು ಹತ್ತಕ್ಕೆ. ಕೋಶಗಳು ಕಾಯುವುದಿಲ್ಲ. ಮೈಕ್ರೋಸ್ಕೋಪ್ ಅಡುಗೆಮನೆಯಲ್ಲೇ. ಭ್ರೂಣ ಮೂವತ್ತೆರಡು ಕೋಶವಾದಾಗ ಲಿಥಿಯಂ ದ್ರಾವಣದಲ್ಲಿ ಏಳು ನಿಮಿಷ — ಆಮೇಲೆ ಎತ್ತಿ ತೊಳೆಯಬೇಕು.

ಅತ್ತೆಯದು ನಲವತ್ತು ವರ್ಷ ರೇಷ್ಮೆ ನೇಯ್ದ ಕೈ, ನಡುಗುವುದಿಲ್ಲ. ಎಷ್ಟು ನಿಮಿಷವೆಂದು ತಿಳಿಸಿ, ಎತ್ತುವ ಜಾಲರಿ ಅವರಿಗೇ ಕೊಟ್ಟೆ.

"ಏಳು. ಎತ್ತಿಬುಡ್ತೀನಿ," ಎಂದರು.

ಸದ್ಯ, ನೆನಪಿಟ್ಟುಕೊಂಡಿದ್ದಾರೆ. ನಾನು ಇನ್ನೊಂದು ತಟ್ಟೆಯ ಎಣಿಕೆಗೆ ಕೂತೆ.

೬.೪೫
ಎತ್ತಿಲ್ಲ. ಮುಳುಗಿಸಿದ್ದು ೬.೨೦ಕ್ಕೆ. ಇಪ್ಪತ್ತೈದು ನಿಮಿಷ!

"ನೀ ಏಳ್ನೇ ಇಲ್ವಲ್ಲವ್ವ!"

ಅವರು 'ಹ' ಬಿಟ್ಟು ಅಂದದ್ದು 'ಹೇಳು'. ಧಾರವಾಡದ ನನ್ನ ಕಿವಿಗೆ ಬಿದ್ದದ್ದು ಅಂಕಿ. ಮದುವೆಯಾಗಿ ಎಂಟು ತಿಂಗಳು, ಕೊಳ್ಳೇಗಾಲ ಇನ್ನೂ ಕಿವಿಗೆ ಹತ್ತಿಲ್ಲ.

ಜುಲೈ ೧೦
ಉಳಿದದ್ದು ಹನ್ನೊಂದು. ಬರೀ ತಲೆ. ಹೊಟ್ಟೆಯಿಲ್ಲ, ಬಾಲವಿಲ್ಲ. ಬೆನ್ನು-ತಲೆಯ ಜೀನ್‌ಗಳನ್ನು ಎಬ್ಬಿಸುವ ಸಂಕೇತ ಭ್ರೂಣದ ಒಂದೇ ಪಕ್ಕದಲ್ಲಿರಬೇಕು. ಉಳಿದೆಡೆ ಅದನ್ನು ಅಡಗಿಸಲು ಒಂದು ಎನ್ಜೈಮ್ ಇದೆ. ಲಿಥಿಯಂ ಆ ಎನ್ಜೈಮನ್ನೇ ಕಟ್ಟಿಹಾಕುತ್ತದೆ. ಜೀನ್‌ಗಳು ಸುತ್ತಲೂ ಎದ್ದು ಕೂತವು.

ಲ್ಯಾಬ್ ಪುಸ್ತಕಕ್ಕೆ ಇಷ್ಟು ಸಾಕು. ಇಲ್ಲಿ ಬರೆಯಬೇಕಾದದ್ದು — ಮನಸ್ಸಿನ ಕಾಯಿಲೆಗೆ ಆರು ವರ್ಷದಿಂದ ನಾನು ನುಂಗುತ್ತಿರುವುದೂ ಲಿಥಿಯಂ. ನನ್ನವರಿಗೆ ಗೊತ್ತು, ಅತ್ತೆಗೆ ಗೊತ್ತಿಲ್ಲ. ಮುಟ್ಟಿನ ದಿನ ದಾಟಿ ಹನ್ನೆರಡು ದಿನವಾಯಿತು. ಮನೆಯಲ್ಲೇ ಟೆಸ್ಟ್ ಮಾಡಿದೆ. ಎರಡು ಗೆರೆ.

ಕಪ್ಪೆಯ ತಟ್ಟೆ ಬೇರೆ, ಮನುಷ್ಯರ ಗರ್ಭ ಬೇರೆ. ಪಾಠ ಮಾಡುವವಳು ನಾನೇ. ಆದರೂ ಹೆದರಿಕೆ.

ಜುಲೈ ೧೧
ಡಾಕ್ಟರಿಗೆ ಫೋನ್. "ನೀವಾಗಿ ನಿಲ್ಲಿಸಬೇಡಿ. ಬನ್ನಿ, ನೋಡೋಣ."

ಜುಲೈ ೧೫
ಅತ್ತೆಯ ಕೈಯಲ್ಲಿ ನನ್ನ ಮಾತ್ರೆ.

"ಆ ಕಪ್ಪೆ ಮದ್ದಿನ ಬಾಟ್ಲಿ ಮ್ಯಾಲಿರೋ ಅಕ್ಸರನೇ ಇದ್ರು ಮ್ಯಾಲೂ ಅದೆ. ಇಂಗ್ಲೀಷ್ ಓದಕ್ ಬರಲ್ಲ, ಗೀಟು ಗೊತ್ತಾಯ್ತದೆ."

ಸೀರೆಯಂಚಿನಲ್ಲಿ ಒಂದೆಳೆ ತಪ್ಪಿದರೂ ಹಿಡಿಯುವ ಕಣ್ಣು. ಎಲ್ಲ ಹೇಳಿದೆ — ಕಾಯಿಲೆ, ಮಗು, ಭಯ. ಮಾತ್ರೆಯನ್ನು ನನ್ನ ಅಂಗೈಗಿಟ್ಟರು.

"ಕಪ್ಪೆ ಕೆಡಿಸ್ದೋಳು ನಾನು. ಇದ್ರಲ್ಲಿ ನಿಂದೇನವ್ವ ತಪ್ಪು?"

ಜುಲೈ ೨೧, ಮೈಸೂರಿನಿಂದ ವಾಪಸ್, ಬಸ್ಸಿನಲ್ಲಿ
ಸ್ಕ್ಯಾನ್ ಆಯಿತು. ಎದೆಬಡಿತ ಇದೆ. ಹೃದಯ ಸರಿಯಾಗಿ ರೂಪುಗೊಂಡಿದೆಯೇ ಎಂದು ಈಗಲೇ ಕಾಣುವುದಿಲ್ಲವಂತೆ. ಇನ್ನೂ ಮೂರು ತಿಂಗಳು. ಮಾತ್ರೆ ಮುಂದುವರಿಯಲಿ, ಪ್ರಮಾಣ ಸ್ವಲ್ಪ ಕಡಿಮೆ, ರಕ್ತಪರೀಕ್ಷೆ ಆಗಾಗ.

ಮಾತ್ರೆಯ ಹೊತ್ತಾಯಿತು. ಕೈಗೆ ತೆಗೆದುಕೊಂಡೆ, ಬಾಯಿಗೆ ಹೋಗಲಿಲ್ಲ. ಅತ್ತೆ ನೀರಿನ ಬಾಟಲಿ ಮುಚ್ಚಳ ತೆಗೆದು ಹಿಡಿದರು.

"ನುಂಗು. ನಾನಿವ್ನಿ."

ನುಂಗಿದೆ. ಅವರು ಕಿಟಕಿಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.