ಬಸ್ಸಿನ ಎಡಗಡೆಯ ಸಂದಿ

ಗೆಳೆಯಾ ಜಮೀರ,

ನೀನು ಓದಲಾರೆ ಅಂತಲೇ ಇದನ್ನು ಬರೆಯುತ್ತಿದ್ದೇನೆ. ನೀನು ತೀರಿಕೊಂಡ ಮೇಲೆ ನಿನ್ನ ಮಗಳು ಗುಲಾಫಶಾಗೆ ನಿನ್ನ ಬೈಕ್ ಓಡಿಸಲು ನಾನೇ ಕಲಿಸುತ್ತಿದ್ದೇನೆ. ಇವತ್ತು ಮೊದಲ ಸಲ ಗೋರೆಗಾಂವ್ ಸ್ಟೇಷನ್ ಹತ್ತಿರದ ಗದ್ದಲಕ್ಕೆ ಇಳಿದೆವು. ಮುಂದಿದ್ದ ಬಸ್ಸು ನಿಧಾನವಾಯಿತು. ಅದರ ಎಡಕ್ಕೆ ಸಣ್ಣ ಸಂದಿಯಿತ್ತು. ಹಿಂದೆ ಕೂತಿದ್ದ ನಾನು, "ಜಾಗ ಐತಿ, ನುಗ್ಗಿಸವ್ವ" ಅಂದೆ.

ಅವಳು ಬ್ರೇಕ್ ಹಿಡಿದಳು. "ಬ್ಯಾಡ ಕಾಕಾ, ಡ್ರೈವರ್‌ಗೆ ನಾವು ಕಾಣಂಗಿಲ್ಲ."

ಮರುಕ್ಷಣವೇ ಬಸ್ಸು ಎಡಕ್ಕೆ ಹೊರಳಿ ಫುಟ್‌ಪಾತಿಗೆ ಒತ್ತಿ ನಿಂತಿತು. ಆ ಸಂದಿಯೇ ಉಳಿಯಲಿಲ್ಲ. ಅವಳು ಬಸ್ಸು ಹೊರಡುವ ತನಕ ಕಾದು ಗೇರ್ ಹಾಕಿದಳು.

ನಿನ್ನ ಮನೆಯಲ್ಲಿ ರಹೀಮಾ ಭಾಭಿ ಚಹಾ ಕೊಡುತ್ತ, "ನೀವು ಹಿಂದ ಕುಂತೀರಿ ಅಂತ ನನಗ ಧೈರ್ಯ ಇತ್ತು" ಅಂದರು. ಗುಲಾಫಶಾ ನನ್ನ ಕಡೆ ನೋಡಿದಳು. ನಾನು ತಲೆ ಎತ್ತದೆ ಚಹಾ ಕುಡಿದೆ.

ಕಾಶಿನಾಥ